ನೆಟ್‌ವರ್ಕ್ ಭದ್ರತೆ: ಎರಡು ವರ್ಷದ ಪದವಿಯೋ, ಪ್ರಮಾಣಪತ್ರವೋ?

ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ನೆಟ್‌ವರ್ಕ್ ಭದ್ರತೆಯನ್ನು ಕಲಿಯಬಯಸುವವರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ: ಸುಮಾರು 60 ಕ್ರೆಡಿಟ್‌ಗಳ ಎರಡು ವರ್ಷದ ಅಸೋಸಿಯೇಟ್ ಪದವಿ, ಇಲ್ಲವೇ ಸೆಕ್ಯುರಿಟಿ ಪ್ಲಸ್‌ನಂತಹ ಭದ್ರತಾ ಪ್ರಮಾಣಪತ್ರದ ಪರೀಕ್ಷೆಗೆ ಅಣಿಗೊಳಿಸುವ ಕಿರು ಕೋರ್ಸ್. ಎರಡನೆಯದು ಬೇಗ ಮುಗಿಯುತ್ತದೆ, ಆದರೆ ಆ ಪ್ರಮಾಣಪತ್ರವನ್ನು 3 ವರ್ಷಕ್ಕೊಮ್ಮೆ ನವೀಕರಿಸಬೇಕು. ಈಗಾಗಲೇ ನೆಟ್‌ವರ್ಕ್ ನಿರ್ವಹಣೆಯ ಕೆಲಸದಲ್ಲಿರುವವರಿಗೆ ಅದು ಸಾಕು.

ಹೊಸಬರಿಗೆ ಮಾತ್ರ ನಾನು ಪದವಿಯನ್ನೇ ಸೂಚಿಸುತ್ತೇನೆ. ರೂಟರ್, ಸ್ವಿಚ್, ಫೈರ್‌ವಾಲ್‌ಗಳನ್ನು ಪ್ರಯೋಗಾಲಯದಲ್ಲಿ ತಾವೇ ಹೊಂದಿಸಿ, ಕೆಟ್ಟಾಗ ಪ್ಯಾಕೆಟ್‌ಗಳನ್ನು (ನೆಟ್‌ವರ್ಕ್‌ನಲ್ಲಿ ಸಾಗುವ ದತ್ತಾಂಶದ ತುಣುಕುಗಳನ್ನು) ಒಂದೊಂದಾಗಿ ಪರಿಶೀಲಿಸಿ ದೋಷ ಹುಡುಕಿದವರಿಗೆ ದಕ್ಕುವ ತಿಳಿವಳಿಕೆ ಮಾದರಿ ಪ್ರಶ್ನೆಗಳ ಅಭ್ಯಾಸದಿಂದ ಬರುವಂಥದ್ದಲ್ಲ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ (ಎನ್‌ಎಸ್‌ಎ) ಮಾನ್ಯತೆಯುಳ್ಳ ಕಾರ್ಯಕ್ರಮವಿದ್ದರೆ ಅದಕ್ಕೇ ಆದ್ಯತೆ ನೀಡಿ. ನಾಲ್ಕು ವರ್ಷದ ಪದವಿಯ ಆಸೆಯಿರುವವರು, ಗಳಿಸಿದ ಕ್ರೆಡಿಟ್‌ಗಳನ್ನು ಯಾವ ವಿಶ್ವವಿದ್ಯಾಲಯ ಒಪ್ಪುತ್ತದೆಂಬುದನ್ನು ಸೇರುವ ಮೊದಲೇ ವಿಚಾರಿಸಬೇಕು.