ವಾರಂಟಿ ಇದ್ದರೂ ಕೈಗೆ ಸಿಗಲಿಲ್ಲ: ಹೊಸ ಏರ್ ರೈಫಲ್ ಕೊಳ್ಳುವವರು ಓದಿ

ಏರ್ ರೈಫಲ್ ವಾರಂಟಿಯಲ್ಲಿರುವಾಗ ಸರ್ವೀಸ್‌ನವರು ಫೋನಿನಲ್ಲಿ "ಆ ಸ್ಕ್ರೂ ಸ್ವಲ್ಪ ಬಿಗಿ ಮಾಡಿ ನೋಡಿ" ಎಂದರೆ ದಯವಿಟ್ಟು ಮುಟ್ಟಬೇಡಿ. ಮುಟ್ಟಲೇಬೇಕು ಅಂದರೆ ಆ ಮಾತನ್ನು ಅವರಿಂದ ಬರಹದಲ್ಲಿ ತರಿಸಿಕೊಳ್ಳಿ. ನಾನು ತರಿಸಿಕೊಳ್ಳಲಿಲ್ಲ. ಆ ಒಂದು ಸ್ಕ್ರೂ ನನ್ನ ವಾರಂಟಿಯನ್ನೇ ನುಂಗಿತು.

ನಾನು ಕೊಂಡದ್ದು 10 ಮೀಟರ್ ಗುರಿ ಅಭ್ಯಾಸಕ್ಕೆ ಬಳಸುವ 4.5 ಮಿ.ಮೀ. ರೈಫಲ್. ನಳಿಗೆಯ ಕೆಳಗೆ ಸಿಲಿಂಡರ್ ಇರುತ್ತದೆ, ಅದರಲ್ಲಿ 200 ಬಾರ್ ಒತ್ತಡದವರೆಗೆ ಗಾಳಿ ತುಂಬಬೇಕು. ಒಳಗಿನ ರೆಗ್ಯುಲೇಟರ್ ಆ ಒತ್ತಡವನ್ನು ಇಳಿಸಿ, ಪ್ರತಿ ಹೊಡೆತಕ್ಕೂ ಒಂದೇ ಪ್ರಮಾಣದ ಗಾಳಿ ಬಿಡುತ್ತದೆ. ಹಣ ಕೂಡಿಟ್ಟು, ತುಂಬಾ ದಿನ ಕಾದು ತಂದ ರೈಫಲ್ ಅದು.

ಎರಡನೇ ವಾರದಲ್ಲಿ ಪೆಲೆಟ್‌ಗಳು, ಅಂದರೆ ಇದರ ಸಣ್ಣ ಗುಂಡುಗಳು, ಗುರಿಗಿಂತ ಕೆಳಗೆ ಬೀಳತೊಡಗಿದವು. ಮೊದಲ ಇಪ್ಪತ್ತು ಮೂವತ್ತು ಹೊಡೆತ ಸರಿಯಾಗಿಯೇ ಇರುತ್ತಿತ್ತು, ಆಮೇಲೆ ನಿಧಾನವಾಗಿ ಕೆಳಗೆ. ನನ್ನ ಉಸಿರಾಟ ಸರಿಯಿಲ್ಲ, ಭುಜ ಸರಿಯಿಲ್ಲ ಎಂದು ನನ್ನನ್ನೇ ತಿದ್ದಿಕೊಳ್ಳುತ್ತಾ ಹತ್ತು ದಿನ ಕಳೆದೆ. ಈ ಆಟದಲ್ಲಿ 10 ಅಂಕದ ಚುಕ್ಕಿ ಬರೀ 0.5 ಮಿ.ಮೀ. ಅಗಲ. ಪೆಲೆಟ್ ವೇಗ ಸೆಕೆಂಡಿಗೆ 170 ಮೀಟರ್‌ನಿಂದ 160ಕ್ಕೆ ಇಳಿದರೂ ಸಾಕು, ಅದು ಸುಮಾರು 2 ಮಿ.ಮೀ. ಕೆಳಗೆ ಬೀಳುತ್ತದೆ. ಹೆಚ್ಚುಕಡಿಮೆ ಒಂದು ಅಂಕ ಹೋದಂತೆ. ನಾನು ಹುಡುಕುತ್ತಿದ್ದ ತಪ್ಪು ನನ್ನ ಭುಜದಲ್ಲಿ ಇರಲೇ ಇಲ್ಲ.

ಸಿಲಿಂಡರ್‌ನ ಒತ್ತಡ ತೋರಿಸುವ ಗೇಜ್ ನೋಡಿದಾಗ ವಿಷಯ ಗೊತ್ತಾಯಿತು. ರಾತ್ರಿ 200 ಬಾರ್ ಇದ್ದದ್ದು ಬೆಳಿಗ್ಗೆ 150. ಒಂದು ಪೆಲೆಟ್ ಕೂಡ ಹೊಡೆದಿರಲಿಲ್ಲ. ಮೂರನೇ ದಿನಕ್ಕೆ 90. ಒತ್ತಡ ರೆಗ್ಯುಲೇಟರ್‌ಗೆ ಬೇಕಾದ ಮಟ್ಟಕ್ಕಿಂತ ಕೆಳಗಿಳಿದರೆ ವೇಗವೂ ಇಳಿಯುತ್ತದೆ.

ಅಂಗಡಿಯವರು ಹೇಳಿದ್ದು ಹೀಗೆ: "ತುಂಬುವಾಗ ಗಾಳಿ ಬಿಸಿಯಾಗುತ್ತೆ, ತಣ್ಣಗಾದ ಮೇಲೆ ಗೇಜ್ ಇಳಿಯುತ್ತೆ. ಎಲ್ಲಾ ರೈಫಲ್‌ನಲ್ಲೂ ಹಾಗೇನೇ." ಇದು ಸುಳ್ಳಲ್ಲ, ಅದಕ್ಕೇ ನಂಬಿಬಿಟ್ಟೆ. ಆದರೆ ಲೆಕ್ಕ ಹಾಕಿ ನೋಡಿ. 40 ಡಿಗ್ರಿ ಬಿಸಿಯಿದ್ದ ಗಾಳಿ 25 ಡಿಗ್ರಿಗೆ ತಣ್ಣಗಾದರೆ 200 ಬಾರ್ ಸುಮಾರು 190 ಆಗುತ್ತದೆ. 150 ಆಗುವುದಿಲ್ಲ. ತುಂಬಿ ಒಂದು ಗಂಟೆ ಬಿಟ್ಟು ಮೊದಲ ಅಳತೆ ಬರೆದಿಟ್ಟುಕೊಂಡಿದ್ದರೆ ಅವರ ಉತ್ತರಕ್ಕೆ ಅಲ್ಲೇ ಉತ್ತರ ಕೊಡಬಹುದಿತ್ತು. ಹೊಸ ರೈಫಲ್ ತಂದವರು ಮೊದಲ ದಿನದಿಂದಲೇ ಹೀಗೆ ಬರೆದಿಡಿ: ದಿನ, ಹೊತ್ತು, ಗೇಜ್, ಎಷ್ಟು ಹೊಡೆತ. ಎರಡು ನಿಮಿಷದ ಕೆಲಸ ಅಷ್ಟೇ.

ಆಮೇಲೆ ಕಂಪನಿಯ ಸರ್ವೀಸ್‌ಗೆ ಫೋನ್ ಮಾಡಿದೆ. ಮಾತಾಡಿದವರು ಸೌಜನ್ಯದಿಂದಲೇ ಮಾತಾಡಿದರು. "ಗಾಳಿ ಪೂರ್ತಿ ಬಿಟ್ಟು, ಸಿಲಿಂಡರ್ ಕೂಡುವ ಜಾಗದ ಪಕ್ಕದ ಸ್ಕ್ರೂ ಕಾಲು ಸುತ್ತು ಬಿಗಿ ಮಾಡಿ" ಎಂದರು. ಹಾಗೇ ಮಾಡಿದೆ. ಬಿಗಿ ಮಾಡುವ ಕೀಲಿ ತಾಗಿ ಸ್ಕ್ರೂ ತಲೆಯ ಕಪ್ಪು ಬಣ್ಣ ಒಂದಿಷ್ಟು ಕಿತ್ತುಬಂತು. ಸೋರುವುದು ಮಾತ್ರ ನಿಲ್ಲಲಿಲ್ಲ.

"ಹಾಗಾದರೆ ಕಳಿಸಿಕೊಡಿ" ಎಂದರು. ಒತ್ತಡ ತುಂಬಿದ ಸಿಲಿಂಡರನ್ನು ಪಾರ್ಸಲ್‌ನಲ್ಲಿ ಕಳಿಸುವಂತಿಲ್ಲ, ಅದು ಅಪಾಯ. ಖಾಲಿ ಮಾಡಿ ಕಳಿಸಿದೆ. ಮೂರು ವಾರ ಸುದ್ದಿಯೇ ಇಲ್ಲ. ಕೊನೆಗೆ "ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ" ಎಂಬ ಚೀಟಿಯೊಂದಿಗೆ ರೈಫಲ್ ವಾಪಸ್ ಬಂತು. ಹೇಗೆ ಪರೀಕ್ಷೆ ಮಾಡಿದಿರಿ ಎಂದು ಕೇಳಿದೆ. ಗಾಳಿ ತುಂಬಿ ಐದು ಹೊಡೆತ ಹೊಡೆದರಂತೆ. ರಾತ್ರಿಯಿಡೀ ಸೋರುವ ಗಾಳಿ ಐದು ಹೊಡೆತದಲ್ಲಿ ಹೇಗೆ ಕಾಣಬೇಕು ಹೇಳಿ? ನೀವು ಕಳಿಸುವಾಗ ಪೆಟ್ಟಿಗೆಯೊಳಗೆ ಒಂದು ಕಾಗದ ಇಡಿ. "200 ಬಾರ್ ತುಂಬಿ 24 ಗಂಟೆ ಇಟ್ಟು ನೋಡಿ" ಎಂದು ದೊಡ್ಡದಾಗಿ ಬರೆಯಿರಿ. ಅದೇ ಮಾತನ್ನು ಮೇಲ್‌ನಲ್ಲೂ ಹಾಕಿ.

ಮನೆಗೆ ಬಂದ ದಿನವೇ ಮತ್ತೆ ತುಂಬಿ, ಸೋಪಿನ ನೀರನ್ನು ಬ್ರಷ್‌ನಿಂದ ಹಚ್ಚಿ ನೋಡಿದೆ. ಗಾಳಿ ತುಂಬುವ ವಾಲ್ವ್ ಹತ್ತಿರ ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದವು. ವಿಡಿಯೋ ಮಾಡಿ ಕಳಿಸಿದೆ. "ಇದು ನಿಮ್ಮದೇ ರೈಫಲ್ ಎನ್ನುವುದಕ್ಕೆ ಏನು ಗುರುತು?" ಎಂದು ಕೇಳಿದರು. ಸೀರಿಯಲ್ ನಂಬರ್ ವಿಡಿಯೋದಲ್ಲಿ ಬಂದಿರಲಿಲ್ಲ. ಎರಡನೇ ಸಲ ನಂಬರ್, ಗೇಜ್, ಗಡಿಯಾರ, ಗುಳ್ಳೆ ಎಲ್ಲವನ್ನೂ ಒಂದೇ ವಿಡಿಯೋದಲ್ಲಿ, ಎಲ್ಲೂ ಕತ್ತರಿಸದೆ ತೆಗೆದೆ.

ರೈಫಲ್ ಮತ್ತೆ ಹೋಯಿತು. ಈ ಸಲ ಬಂದ ಉತ್ತರ ಓದಿ ಕೈ ನಡುಗಿತು. "ಗ್ರಾಹಕರು ಬಿಚ್ಚಲು ಪ್ರಯತ್ನಿಸಿದ ಗುರುತು ಇದೆ. ವಾರಂಟಿ ಅನ್ವಯಿಸುವುದಿಲ್ಲ." ಜೊತೆಗೆ ಒಂದು ಫೋಟೋ, ಬಣ್ಣ ಹೋದ ಅದೇ ಸ್ಕ್ರೂ. ನೀವೇ ಹೇಳಿದ್ದಲ್ವಾ ಎಂದು ಕೇಳಿದರೆ, ಅಂಥ ಕರೆಯ ದಾಖಲೆ ತಮ್ಮಲ್ಲಿ ಇಲ್ಲವಂತೆ. ಅಂಗಡಿಯವರನ್ನು ಕೇಳಿದರೆ ಕಂಪನಿಯನ್ನು ಕೇಳಿ ಎಂದರು. ಕಂಪನಿಯವರು ಮಾರಿದವರನ್ನು ಕೇಳಿ ಎಂದರು. ಅಷ್ಟರಲ್ಲಿ ಹತ್ತು ವಾರ ಕಳೆದಿತ್ತು. ರೈಫಲ್ ಅವರ ಬಳಿಯೇ ಇದ್ದ ದಿನಗಳೂ ವಾರಂಟಿ ಅವಧಿಯಲ್ಲೇ ಲೆಕ್ಕವಾಗಿದ್ದವು.

ಈ ಗಲಾಟೆಯಲ್ಲಿ ಹಿತೈಷಿಗಳೊಬ್ಬರು ಆಕ್ಸಿಜನ್ ಸಿಲಿಂಡರ್‌ನಿಂದ ತುಂಬಿಸಿ ನೋಡು ಎಂದಿದ್ದರು. ಯಾರು ಹೇಳಿದರೂ ಇದನ್ನು ಮಾಡಬೇಡಿ. ಜಾಸ್ತಿ ಒತ್ತಡದ ಆಕ್ಸಿಜನ್‌ಗೆ ಗ್ರೀಸ್ ಅಥವಾ ಎಣ್ಣೆ ಸಿಕ್ಕರೆ ಸ್ಫೋಟವೇ ಆಗಬಹುದು. ತುಂಬಬೇಕಾದದ್ದು ತೇವವಿಲ್ಲದ ಶುದ್ಧ ಗಾಳಿ ಮಾತ್ರ. ಸಿಲಿಂಡರ್ ಬದಲು ಒಳಗಿನ ಸ್ಪ್ರಿಂಗ್ ಬಲದಿಂದ ಹೊಡೆಯುವ ಸ್ಪ್ರಿಂಗ್ ರೈಫಲ್ ಇರುವವರಿಗೂ ಒಂದು ಮಾತು. ಪೆಲೆಟ್ ಹಾಕದೆ ಸುಮ್ನೆ ಟ್ರಿಗರ್ ಎಳೆದರೆ ಪಿಸ್ಟನ್ ಮತ್ತು ಸೀಲ್ ಕೆಡುತ್ತವೆ. ವಾರಂಟಿ ಕೇಳಲು ಹೋದಾಗ ಅದನ್ನೂ ನಿಮ್ಮ ಮೇಲೆ ಹಾಕಬಹುದು.

ಇನ್ನೊಂದು ಸಂಗತಿಯನ್ನು ಕೊಳ್ಳುವ ದಿನವೇ ನೋಡಬೇಕಿತ್ತು. ಸಿಲಿಂಡರ್ ಮೇಲೆ ತಯಾರಾದ ತಿಂಗಳು, ವರ್ಷ ಒತ್ತಿರುತ್ತಾರೆ. ಸ್ಪರ್ಧೆಯ ರೈಫಲ್‌ಗಳ ಸಿಲಿಂಡರ್‌ಗೆ ಸಾಮಾನ್ಯವಾಗಿ 10 ವರ್ಷದ ಅವಧಿ ಇರುತ್ತದೆ. ಅದು ಶುರುವಾಗುವುದು ತಯಾರಾದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಅವಧಿ ಮುಗಿದಿಲ್ಲವೆಂದು ನೋಡಿಕೊಳ್ಳುವ ಹೊಣೆ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲೂ ಶೂಟರ್‌ನದ್ದೇ. "ಹೊಸದು" ಎಂದು ನನಗೆ ಮಾರಿದ ರೈಫಲ್‌ನ ಸಿಲಿಂಡರ್ ತಯಾರಾಗಿ ಆಗಲೇ ಮೂರು ವರ್ಷವಾಗಿತ್ತು.

ಕೊನೆಗೆ ಕೈಯಿಂದ ದುಡ್ಡು ಹಾಕಿ, ಏರ್ ಗನ್ ರಿಪೇರಿ ಬಲ್ಲ ಬೇರೊಬ್ಬರ ಹತ್ತಿರ ಕೊಟ್ಟೆ. ಅವರು ನನ್ನೆದುರೇ ಗಾಳಿ ಬಿಟ್ಟು, ವಾಲ್ವ್ ಬಿಚ್ಚಿ, ಒಳಗಿನ ಓ-ರಿಂಗ್ ತೆಗೆದು ತೋರಿಸಿದರು. ಉಗುರಿನಷ್ಟೂ ಇಲ್ಲದ ರಬ್ಬರ್ ಬಳೆ. ಅದರ ಒಂದು ಕಡೆ ಸಣ್ಣ ಕಚ್ಚು. ಜೋಡಿಸುವಾಗಲೇ ಚೂಪಾದ ಅಂಚಿಗೆ ಸಿಕ್ಕಿ ಕತ್ತರಿಸಿರಬೇಕು ಎಂದರು. ನಾನು ಬಿಗಿ ಮಾಡಿದ ಸ್ಕ್ರೂಗೂ ಆ ವಾಲ್ವ್‌ಗೂ ಸಂಬಂಧವೇ ಇರಲಿಲ್ಲ. ಹೊಸ ರಿಂಗ್ ಹಾಕಿ ಮುಗಿಸಲು ಅವರಿಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ.

ಹಳೆಯ ರಿಂಗನ್ನು ಕೇಳಿ ತೆಗೆದುಕೊಂಡೆ. ಅದರ ಫೋಟೋ, ರಿಪೇರಿಯವರು ಬರೆದುಕೊಟ್ಟ ಚೀಟಿ, ಗೇಜ್ ಅಳತೆಯ ಪುಟಗಳು, ಬಿಲ್ ಎಲ್ಲವನ್ನೂ ಸೇರಿಸಿ ಕಂಪನಿಗೂ ಅಂಗಡಿಗೂ ಮೇಲ್ ಕಳಿಸಿದ್ದೇನೆ. ಇಬ್ಬರಿಂದಲೂ ಉತ್ತರ ಬಂದಿಲ್ಲ. ಗ್ರಾಹಕ ದೂರಿಗೆ ಕಾಗದ ಸಿದ್ಧವಾಗಿದೆ, ಬರುವ ವಾರ ಕೊಡುತ್ತೇನೆ. ನಿನ್ನೆ ರಾತ್ರಿ ಗೇಜ್ 200 ಇತ್ತು. ಇವತ್ತು ಬೆಳಿಗ್ಗೆ 198.