ಮಂಡಿಯ ನೀರು ಅಳೆಯೋಕೆ ಅಲ್ಟ್ರಾಸೌಂಡ್ ಸಾಕಾ, ಎಂಆರ್‌ಐ ಬೇಕಾ?

ಕಾಫಿ ಕುಯ್ಲು ಮುಗಿಯೋ ಹೊತ್ತಿಗೆ ಅಮ್ಮನ ಬಲಮಂಡಿ ಊದಿಕೊಂಡು, ತೋಟದ ಇಳಿಜಾರು ಇಳಿಯೋದೇ ಕಷ್ಟವಾಯಿತು. ಸಂಧಿವಾತ ಹಳೆಯದು, ನೀರು ತುಂಬಿದ್ದು ಹೊಸದು. ಇದಕ್ಕೆ ಎಕ್ಸ್‌ರೇ ನೆಚ್ಚಿಕೊಳ್ಳಬೇಡಿ. ಮೂಳೆ ನೋಡೋಕೆ ಅದು ಸರಿ, ಸ್ವಲ್ಪ ನೀರಿದ್ದರೆ ತಪ್ಪಿಹೋಗುತ್ತದೆ.

ಅಲ್ಟ್ರಾಸೌಂಡ್‌ನಲ್ಲಿ ಮಂಡಿ ಕೆಳಗೆ ದಿಂಬಿಟ್ಟು, ಸುಮಾರು 30 ಡಿಗ್ರಿ ಮಡಿಸಿ, ಚಿಪ್ಪಿನ ಮೇಲ್ಗಡೆ ತಣ್ಣನೆಯ ಜೆಲ್ ಹಚ್ಚಿ ನೋಡುತ್ತಾರೆ. ನೀರು ಪರದೆಯಲ್ಲಿ ಕಪ್ಪಗೆ ಕಾಣುತ್ತದೆ. ಅದರ ಆಳ 4 ಮಿ.ಮೀ. ದಾಟಿದರೆ ಜಾಸ್ತಿ ಅಂತ ಹಲವರು ಲೆಕ್ಕ ಹಿಡಿಯುತ್ತಾರೆ. ಪ್ರೋಬ್ (ಚರ್ಮದ ಮೇಲಿಟ್ಟು ನೋಡುವ ಸ್ಕ್ಯಾನ್ ಹಿಡಿ) ಒತ್ತಿದರೆ ನೀರು ಪಕ್ಕಕ್ಕೆ ಸರಿಯುತ್ತದೆ, ಊದಿದ ಕೀಲಿನ ಒಳಪೊರೆ ಅಷ್ಟು ಸುಲಭಕ್ಕೆ ಸರಿಯುವುದಿಲ್ಲ, ಹಾಗಾಗಿ ಯಾವುದು ನೀರು ಯಾವುದು ಊತ ಅಂತ ಅಲ್ಲೇ ಗೊತ್ತಾಗುತ್ತದೆ. ನೀರು ತೆಗೆಯುವಾಗ ಸೂಜಿಗೆ ದಾರಿ ತೋರಿಸೋದೂ ಇದೇ. ಆದರೆ ಪಳಗಿದ ಕೈ ಬೇಕು. ಜೋರಾಗಿ ಒತ್ತಿದರೆ ಅಳತೆಯೇ ಕಮ್ಮಿ ಬರುತ್ತದೆ!

ಎಂಆರ್‌ಐ ಇಡೀ ಕೀಲಿನ ನೀರನ್ನು, ಜೊತೆಗೆ ಮೃದ್ವಸ್ಥಿ, ಮೆನಿಸ್ಕಸ್ (ಮಂಡಿ ಮೂಳೆಗಳ ನಡುವಿನ ಮೆತ್ತೆ), ಮೂಳೆಯೊಳಗಿನ ಊತವನ್ನೂ ತೋರಿಸುತ್ತದೆ. ವಿಕಿರಣ ಎರಡರಲ್ಲೂ ಇಲ್ಲ. ಆದರೆ ದುಡ್ಡು ಜಾಸ್ತಿ, ಅರ್ಧ ಗಂಟೆ ಅಲುಗಾಡದೆ ಮಲಗಬೇಕು, ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಬೇಕು. ಅದಕ್ಕಾಗಿ ಮಡಿಕೇರಿಯಿಂದ ಮೈಸೂರಿಗೆ ಹೋಗೋದಾದರೆ ಸುಮಾರು 120 ಕಿ.ಮೀ., ಮಡಚೋಕಾಗದ ಕಾಲಿಟ್ಟುಕೊಂಡು ಆ ತಿರುವುಗಳಲ್ಲಿ ಕೂತು ಹೋಗೋದು ಸುಮ್ನೆ ಅಲ್ಲ.

ನನ್ನ ಕೇಳಿದರೆ, ನೀರಷ್ಟೇ ಪ್ರಶ್ನೆಯಾದರೆ ಅಲ್ಟ್ರಾಸೌಂಡ್. ಮಂಡಿ ಸಿಕ್ಕಿಹಾಕಿಕೊಳ್ಳುತ್ತಿದ್ದರೆ, ಆಪರೇಷನ್ ಮಾತು ಬಂದಿದ್ದರೆ ಎಂಆರ್‌ಐ. ಜ್ವರ ಬಂದು ಮಂಡಿ ಕೆಂಪಗೆ ಬಿಸಿಯಾಗಿದ್ದರೆ ಸ್ಕ್ಯಾನ್ ಆರಿಸುತ್ತ ಕೂರಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಸೋಂಕು ಹೌದೋ ಅಲ್ವೋ ಅನ್ನೋಕೆ ನೀರನ್ನೇ ತೆಗೆದು ಪರೀಕ್ಷಿಸಬೇಕು.