ಹಳೇ ಬುಲೆಟ್‌ಗೆ ಹೊಸ ಫೋರ್ಕು: ಮೂರು ಥರ ಹಾಕಿ ಓಡ್ಸಿದ್ಮೇಲೆ

ಗಾಡಿ ಅಪ್ಪಂದು, 2001ರ ಬುಲೆಟ್ ಸ್ಟ್ಯಾಂಡರ್ಡ್ 350, ಗೇರು ಬಲಗಾಲಲ್ಲಿ ಹಾಕೋದು. ಮನೆ ಕೊಟ್ಟಿಗೆಹಾರದ ಹತ್ರ ಆದ್ರಿಂದ ತಿಂಗಳಿಗೆ ಎರಡ್ಮೂರು ಸಲ ಚಾರ್ಮಾಡಿ ಇಳಿದು ಉಜಿರೆಗೆ ಹೋಗ್ಲೇಬೇಕು. ಒಂದು ಮಳೆಗಾಲದಲ್ಲಿ ತಿರುವಲ್ಲಿ ಎದುರಿಗೆ ಬಸ್ ಬಂತು, ಎರಡೂ ಬ್ರೇಕ್ ಅದುಮಿ ಹಿಡಿದ್ರೂ ಗಾಡಿ ತನ್ನ ಪಾಡಿಗೆ ತಾನು ಹೋಗ್ತಾನೇ ಇತ್ತು, ಮೋರಿ ಕಟ್ಟೆಗೆ ಒಂದು ಗೇಣು ಇರೋವಾಗ ನಿಲ್ತು. ಅವತ್ತೇ ಮುಂದಿನ ಫೋರ್ಕ್, ಅಂದ್ರೆ ಮುಂದಿನ ಚಕ್ರ, ಬ್ರೇಕ್ ಹಿಡ್ಕೊಂಡಿರೋ ಎರಡು ಕಾಲು, ಬದಲಾಯಿಸೋದು ಅಂತ ತೀರ್ಮಾನ ಮಾಡ್ಬಿಟ್ಟೆ. ಆಮೇಲೆ ಒಂದೂವರೆ ವರ್ಷದಲ್ಲಿ ಮೂರು ಥರ ಆಯ್ತು: ಇದ್ದದ್ದನ್ನೇ ರಿಪೇರಿ ಮಾಡಿದ್ದು, ಕೆಟಿಎಂ ಡ್ಯೂಕ್ 200ರ ಯುಎಸ್‌ಡಿ (ತಲೆಕೆಳಗು, ದಪ್ಪ ಕೊಳವೆ ಮೇಲಿರೋ) ಫೋರ್ಕು, ಕೊನೆಗೆ ಬುಲೆಟ್ಟಿನದೇ ಇನ್ನೊಂದು ಮಾಡೆಲ್ ಎಲೆಕ್ಟ್ರಾದ ಡಿಸ್ಕ್ ಬ್ರೇಕ್ ಫೋರ್ಕು.

ಇದ್ದ ಫೋರ್ಕ್ ಬಿಚ್ಚಿದಾಗ್ಲೇ ನನಗೆ ಮುಖಭಂಗ. ಬುಲೆಟ್ ಕೋನ್ ಸೆಟ್ಟಲ್ಲಿ, ಅಂದ್ರೆ ಹ್ಯಾಂಡಲ್ ತಿರುಗೋ ಬೇರಿಂಗಲ್ಲಿ, ಮೇಲೆ 19 ಕೆಳಗೆ 19 ಬಿಡಿ ಗುಂಡು ಇರತ್ತೆ, ಕಾಲಿಂಚಿನವು. ಕೆಳಗಿನ ಬಟ್ಟಲು ಒರೆಸಿ ನೋಡಿದ್ರೆ ಗುಂಡು ಕೂತ ಜಾಗದಲ್ಲೆಲ್ಲಾ ಉಗುರಿಗೆ ಸಿಗೋ ಹಾಗೆ ಕುಳಿ, ಗ್ರೀಸು ಒಣಗಿ ಬೆಲ್ಲದ ಪಾಕ ಆಗಿತ್ತು. ಹ್ಯಾಂಡಲ್ ನೇರ ಇದ್ದಾಗ ಟಕ್ ಅಂತ ಸಿಕ್ಕಾಕೊಳ್ತಿದ್ದಿದ್ದು ಅದ್ರಿಂದ, ನಾನು ಇಷ್ಟು ವರ್ಷ ಫೋರ್ಕ್ ಪೈಪ್ ಬೆಂಡು ಅಂತ ಬೈಕೊಂಡು ಓಡಾಡಿದ್ದೆ. ಹೊಸ ಕೋನ್ ಸೆಟ್, ಆಯಿಲ್ ಸೀಲ್, ಹೊಸ ಆಯಿಲ್ ಹಾಕಿದ್ವಿ. ಬ್ರೇಕ್ ಕಥೆನೂ ಹಂಗೇ. 7 ಇಂಚಿನ ಡ್ರಮ್ಮು, ಲೈನರ್ ಅಗಲಿಸೋಕೆ ಎರಡು ಕ್ಯಾಮು, ಅವೆರಡನ್ನ ಜೋಡಿಸೋ ಒಂದು ಲಿಂಕ್ ರಾಡು. ಎರಡೂ ಲೈನರ್ ಒಂದೇ ಸಲಕ್ಕೆ ಡ್ರಮ್ಮಿಗೆ ತಾಗೋ ಹಾಗೆ ಆ ರಾಡ್ ಉದ್ದ ಹೊಂದಿಸ್ಬೇಕು, ಇಲ್ಲಾಂದ್ರೆ ಒಂದು ಲೈನರ್ರೇ ದುಡಿಯತ್ತೆ ಇನ್ನೊಂದು ಸುಮ್ನೆ ನೋಡ್ತಾ ಕೂತಿರತ್ತೆ. ನಮ್ಮದನ್ನ ಯಾರೂ ಮುಟ್ಟೇ ಇರ್ಲಿಲ್ಲ ಅನ್ಸತ್ತೆ, ನಟ್ಟಿನ ಮೇಲೆ ಪೇಂಟ್ ಇನ್ನೂ ಹಾಗೇ ಇತ್ತು. ಸರಿ ಮಾಡಿದ್ಮೇಲೆ ಒಣ ರಸ್ತೇಲಿ ಧಾರಾಳ ಸಾಕು. ಮೂರು ಸಾವಿರದೊಳಗೆ ಮುಗೀತು. ಆದ್ರೆ ಘಾಟಿಲಿ ಅರ್ಧ ಇಳಿಯೋಷ್ಟರಲ್ಲಿ ಡ್ರಮ್ಮು ಬಿಸಿಯಾಗಿ ಲಿವರ್ ಹ್ಯಾಂಡಲ್‌ಗೆ ಹತ್ರ ಬರತ್ತೆ, ಒಳಗೆ ನೀರು ಹೋದ್ರೆ ಮೊದಲ ಹಿಡಿತಕ್ಕೆ ಏನೂ ಆಗಲ್ಲ, ಎರಡನೇದಕ್ಕೆ ಇದ್ದಕ್ಕಿದ್ದ ಹಾಗೆ ಕಚ್ಚತ್ತೆ.

ಅಲ್ಲಿಗೆ ಸುಮ್ನಿದ್ದು ಎಲೆಕ್ಟ್ರಾದ್ದು ಹಾಕ್ಸಿದ್ರೆ ದುಡ್ಡು ಉಳೀತಿತ್ತು. ಆದ್ರೆ ಶಿವಾಜಿನಗರ ಗುಜರಿಲಿ ಡ್ಯೂಕ್ 200ರ ಮುಂಭಾಗ ಪೂರ್ತಿ, ಟೀ (ಎರಡೂ ಫೋರ್ಕ್ ಪೈಪನ್ನ ಒಟ್ಟಿಗೆ ಹಿಡಿಯೋ ತುಂಡು), ಚಕ್ರ, ಡಿಸ್ಕು, ಕ್ಯಾಲಿಪರ್ ಸಮೇತ ನೇತಾಕಿದ್ರು, ಆ 43 ಎಂಎಂ ಫೋರ್ಕ್ ನೋಡಿದ್ಮೇಲೆ ಬುದ್ಧಿ ಎಲ್ಲಿ ನಿಲ್ಲತ್ತೆ. ಹ್ಯಾಂಡಲ್ ಜೊತೆ ತಿರುಗೋ ಅದರ ಟೀ ಕಂಬ ಬುಲೆಟ್‌ಗೆ ಕೂರಲ್ಲ, ಅದನ್ನ ಪ್ರೆಸ್ಸಲ್ಲಿ ಹೊರಗೆ ತೆಗ್ಸಿ ಲೇತಲ್ಲಿ ಬೇರೆ ಕಡೆಸಿ ಹಾಕ್ಬೇಕಾಯ್ತು. ಅದಕ್ಕಿಂತ ದೊಡ್ಡ ತೊಂದ್ರೆ ಇನ್ನೊಂದು. ಬುಲೆಟ್ಟಲ್ಲಿ ಹೆಡ್‌ಲೈಟು, ಸ್ಪೀಡೋಮೀಟ್ರು, ಆಂಪಿಯರ್ ಮೀಟ್ರು, ಎರಡು ಪುಟ್ಟ ಕಣ್ಣು ದೀಪ ಎಲ್ಲಾ ಕೂತಿರೋ ಆ ಕ್ಯಾಸ್ಕೆಟ್ ಬರೀ ಕವರಲ್ಲ, ಅದೇ ಮೇಲಿನ ಟೀ. ಫೋರ್ಕ್ ಪೈಪು ಅದರೊಳಗೇ ಥ್ರೆಡ್ ಮೇಲೆ ಕೂರತ್ತೆ. ಬೇರೆ ಫೋರ್ಕ್ ಹಾಕಿದ್ರಿ ಅಂದ್ರೆ ಬುಲೆಟ್ಟಿನ ಮುಖಾನೇ ಕಿತ್ತು ಅಟ್ಟಕ್ಕೆ ಹಾಕ್ಬೇಕು. ಮುಂದಿನ ಚಕ್ರದಿಂದ ಕೇಬಲ್ಲಲ್ಲಿ ತಿರುಗ್ತಿದ್ದ ಸ್ಪೀಡೋಮೀಟ್ರೂ ಸತ್ತಂಗೇ. ಅಮ್ಮ ಹೊರಗೆ ಬಂದು ನೋಡಿ, "ಏನೋ ಮಗಾ ಇದು, ಮುಂದೆ ಹುಂಜ ಹಿಂದೆ ಎಮ್ಮೆ" ಅಂದ್ರು.

ಬ್ರೇಕ್ ಮಾತ್ರ ಸೂಪರ್, ಸುಳ್ಳು ಹೇಳಲ್ಲ. ಎರಡು ಬೆರಳಲ್ಲಿ ಗಾಡಿ ನಿಲ್ತಿತ್ತು, ಫೋರ್ಕು ಒಂಚೂರೂ ಅಲ್ಲಾಡ್ತಿರ್ಲಿಲ್ಲ. ಕಷ್ಟ ಶುರುವಾಗಿದ್ದು ಚಕ್ರದಿಂದ. 3.25-19 ಟೈರಿನ ಜಾಗಕ್ಕೆ 110/70-17 ಬಂದ್ರೆ ಬರೀ ಟೈರಿಂದ್ಲೇ ಮೂಗು ಸುಮಾರು 30 ಎಂಎಂ ಕೆಳಗೆ, ಫೋರ್ಕ್ ಗಿಡ್ಡ ಆಗಿದ್ದು ಬೇರೆ. ಮುಂದೆ ತಗ್ಗಿದ ಗಾಡಿಗೆ ಹಳೇ ಸೈಡ್ ಸ್ಟ್ಯಾಂಡ್ ಉದ್ದ ಜಾಸ್ತಿ ಆಗ್ಬಿಡತ್ತೆ, ಗಾಡಿ ನೆಟ್ಟಗೆ ನಿಂತ್ಕೊಳತ್ತೆ, ಅಡಿಕೆ ಕಣದಲ್ಲಿ ಸುಮ್ನೆ ನಿಂತಿದ್ದು ಗಾಳಿ ಇಲ್ಲ ಏನಿಲ್ಲ ಬಲಕ್ಕೆ ಬಿತ್ತು. ಕ್ರ್ಯಾಶ್ ಗಾರ್ಡು ಪ್ರತಿ ರೋಡ್ ಹಂಪ್‌ಗೂ ತಾಗೋದು. ಪೂರ್ತಿ ತಿರುಗಿಸಿದ್ರೆ ದಪ್ಪ ಕೊಳವೆ ಟ್ಯಾಂಕಿಗೆ ತಾಗೋದು. ಎಲ್ಲಕ್ಕಿಂತ ಭಯ ಆಗಿದ್ದು ನೇರ ರಸ್ತೇಲಿ: 80 ದಾಟಿದ್ರೆ ಹ್ಯಾಂಡಲ್ ಸಣ್ಣಗೆ ನಡುಗೋದು. ತೂಕದ ದಾರ ಇಳಿಬಿಟ್ಟು ಅಳೆದು ನೋಡ್ದೆ, ಟೀ ಕಂಬದ ಗೆರೆ ನೆಲ ಮುಟ್ಟೋ ಜಾಗಕ್ಕೂ ಟೈರ್ ನೆಲ ಮುಟ್ಟೋ ಜಾಗಕ್ಕೂ ಇರೋ ಅಂತರ, ಅಂದ್ರೆ ಟ್ರೇಲು, ಮೊದಲಿಗಿಂತ ಹತ್ರ ಹತ್ರ ಒಂದಿಂಚು ಕಮ್ಮಿ ಆಗಿತ್ತು. ಬುಲೆಟ್ ಹಳಿ ಮೇಲೆ ಹೋದಂಗೆ ಹೋಗೋದೇ ಆ ಅಂತರದಿಂದ, ಅದನ್ನ ನಾನೇ ಕೈಯಾರೆ ಕಳ್ಕೊಂಡಿದ್ದೆ. ಮೂರು ತಿಂಗಳು ಹಲ್ಲು ಕಚ್ಚಿ ಓಡಿಸಿ ಬಿಚ್ಚಿಟ್ಟೆ.

ಎಲೆಕ್ಟ್ರಾ ಫೋರ್ಕ್ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ, ಅದೇ ಅದರ ಹೆಚ್ಚುಗಾರಿಕೆ. ಅದೇ 35 ಎಂಎಂ ಪೈಪು, ಅದೇ ಕ್ಯಾಸ್ಕೆಟ್ಟು, ಅದೇ 19 ಇಂಚಿನ ಚಕ್ರ, 280 ಎಂಎಂ ಡಿಸ್ಕು, ಸ್ಪೀಡೋ ಕೇಬಲ್ಲೂ ಕೆಲಸ ಮಾಡತ್ತೆ. ಮನೆ ಅಂಗಳದಲ್ಲೇ ಒಂದು ಭಾನುವಾರ ಕೂರಿಸಿದ್ವಿ. ನಾನು ಮಾಡಿದ ಎಡವಟ್ಟು ಅಂದ್ರೆ ಬ್ರೇಕ್ ಹೋಸ್ ಬೋಲ್ಟಿಗೆ ಹಳೇ ತಾಮ್ರದ ವಾಷರ್ರೇ ಹಾಕಿದ್ದು, ಲಿವರ್ ಹಿಡಿದ್ರೆ ಇಡ್ಲಿ ಒತ್ತಿದಂಗೆ ಆಗ್ತಿತ್ತು, ರಾತ್ರಿ ಹತ್ತರವರೆಗೂ ಬ್ರೇಕ್ ಹೋಸಿಂದ ಗಾಳಿ ತೆಗ್ದಿದ್ದೇ ತೆಗ್ದಿದ್ದು, ಬೆಳಗ್ಗೆ ಹೊಸ ವಾಷರ್ ಹಾಕಿದ್ಮೇಲೆ ಸರಿಹೋಯ್ತು. ಡ್ಯೂಕಿನ ಬಿಗಿ ಇದಕ್ಕಿಲ್ಲ, ಜೋರಾಗಿ ಹಿಡಿದ್ರೆ ಮೂಗು ಕುಕ್ಕತ್ತೆ, ಡಿಸ್ಕ್ ಇರೋ ಕಡೆಗೆ ಸ್ವಲ್ಪ ಎಳೆಯತ್ತೆ. ಫೋರ್ಕ್ ಒಳಗಿನ ಸ್ಪ್ರಿಂಗ್ ಮೇಲೆ ಅರ್ಧ ಇಂಚು ಪಿವಿಸಿ ಪೈಪ್ ತುಂಡು ಇಟ್ಟಿದ್ದಕ್ಕೆ ಕುಕ್ಕೋದು ಎಷ್ಟೋ ಕಮ್ಮಿ ಆಯ್ತು. ಮಳೇಲಿ ಚಾರ್ಮಾಡಿ ಇಳಿಯುವಾಗ ಮೊದಲ ಹಿಡಿತಕ್ಕೇ ಬ್ರೇಕ್ ಹಿಡಿಯತ್ತೆ, ನನಗೆ ಬೇಕಾಗಿದ್ದಿದ್ದು ಅಷ್ಟೇ.

ಕಾಗದದ ವಿಚಾರಾನೂ ಇದೆ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟಿದ್ದನ್ನ ಮನಸ್ಸಿಗೆ ಬಂದಂಗೆ ಬದಲಾಯಿಸೋ ಹಾಗಿಲ್ಲ, 15 ವರ್ಷ ದಾಟಿದ ಗಾಡೀನ ಆರ್‌ಸಿ ರಿನ್ಯೂವಲ್‌ಗೆ ಐದೈದು ವರ್ಷಕ್ಕೆ ಆರ್‌ಟಿಒ ಮುಂದೆ ನಿಲ್ಲಿಸ್ಬೇಕು. ಇನ್ಸ್ಪೆಕ್ಟರ್ ಕಣ್ಣಿಗೆ ಡ್ಯೂಕ್ ಫೋರ್ಕ್ ದೂರದಿಂದ್ಲೇ ಕುಕ್ಕತ್ತೆ. ಎಲೆಕ್ಟ್ರಾದ್ದೂ ಬದಲಾವಣೆನೇ, ಅದಕ್ಕೇ ಹಳೇ ಡ್ರಮ್ಮು ಚಕ್ರದ ಸೆಟ್ಟನ್ನ ಗೋಣಿಚೀಲದಲ್ಲಿ ಕಟ್ಟಿ ಇಟ್ಟಿದೀನಿ, ಬೇಕಂದ್ರೆ ಒಂದು ದಿನದ ಕೆಲಸ.

ಬಜೆಟ್ ಕಮ್ಮಿ ಇರೋರು ಮೊದಲು ಕೋನ್ ಸೆಟ್ಟು, ಲಿಂಕ್ ರಾಡು ನೋಡಿ, ಅಷ್ಟಕ್ಕೇ ಸಮಾಧಾನ ಆದ್ರೂ ಆಗ್ಬಹುದು. ಡ್ಯೂಕಿನ ಫೋರ್ಕ್ ಈಗ ಅಟ್ಟದ ಮೇಲಿದೆ, ಕ್ಯಾಸ್ಕೆಟ್ ಇದ್ದ ಜಾಗದಲ್ಲೇ. ಪಕ್ಕದ ತೋಟದ ಹುಡುಗ ಅವನ ಯೆಜ್ಡಿಗೆ ಕೊಡಿ ಅಂತ ಎರಡು ಸಲ ಬಂದು ಹೋದ, ಟೇಪು ದಾರ ತಗೊಂಡು ಬಾ ಮೊದಲು ಅಳೆಯೋಣ ಅಂದಿದೀನಿ.